ಬಟ್ಟಲಿಗೆ ಮೊದಲು

ನೇರ ಬಾಣಲೆಗೆ ಒಡೀಬೇಡ, ಬಟ್ಟಲಿಗೆ ಒಡಿ ಮೊದಲು
ಅನ್ನೋರು ನಮ್ಮತ್ತೆ ಚಿಕ್ಕತಾಯಮ್ಮ.
ಅವರು ನನಗೆ ಬಿಟ್ಟುಹೋದದ್ದು ಈ ಮಾತು,
ಮತ್ತೆ ಕಿವಿ ಮುರಿದ ಒಂದು ಪಿಂಗಾಣಿ ಬಟ್ಟಲು.

ಗುತ್ತಲಿನ ನಮ್ಮ ಹಿತ್ತಲಲ್ಲಿ, ನೀರಿನ ಸಂಪಿನ ಪಕ್ಕ
ಐದು ಹ್ಯಾಟೆ ಕೋಳಿ. ಸಂತೆಯಿಂದ ತಂದ ದಿನ
ರಟ್ಟಿನ ಡಬ್ಬದ ತೂತಿಗೊಂದು ಕಣ್ಣು.
ಸಂಕ್ರಾಂತಿ ಕಳೆದು ಜುಟ್ಟು ಕೆಂಪೇರಿತು;
ಬೂದಿ ಹಾಸಿದ ಮಂಕರಿಯಲ್ಲಿ ಮೊದಲ ಮೊಟ್ಟೆ,
ಚಿಪ್ಪೇ ಇಲ್ಲ!
ಬೆರಳೊತ್ತಿದರೆ ತಗ್ಗಿ, ಬಿಟ್ಟರೆ ಉಬ್ಬುವ ತೊಗಲು.
ಇಟ್ಟವಳು ಪಕ್ಕದಲ್ಲೇ ನಿಂತು
ನನ್ನದಲ್ಲ ಅನ್ನೋ ಹಾಗೆ ಕತ್ತು ಹೊರಳಿಸಿದಳು.

ಆಮೇಲಿನದು ನೆಲ್ಲಿಕಾಯಿಯಷ್ಟು.
ಅತ್ತೆ ಹಳದಿಗೆ ಭಂಡಾರ ಅನ್ನೋರು;
ಒಡೆದರೆ ಭಂಡಾರವೇ ಇಲ್ಲ, ಬರೀ ಲೋಳೆ.
ಮಾರನೇ ದಿನ ಸಾಲ ತೀರಿಸಿದ ಹಾಗೆ
ಒಂದೇ ಮೊಟ್ಟೆಯಲ್ಲಿ ಎರಡು,
ಒಂದೇ ಕಂಬಳಿಯಲ್ಲಿ ಜಗಳವಾಡಿ ಮಲಗಿದ ಮಕ್ಕಳಂತೆ
ಬೆನ್ನಿಗೆ ಬೆನ್ನು.
ಬುಧವಾರ ಹಳದಿಯ ಮೇಲೆ ರಕ್ತದ ಚುಕ್ಕೆ,
ಸೂಜಿ ಚುಚ್ಚಿಕೊಂಡ ಬೆರಳು ಕೊಡವಿದಷ್ಟು.

ಎದುರುಮನೆ ಹೊಂಬಾಳಮ್ಮ ಬಟ್ಟಲು ಇಣುಕಿ
ಮೂರು ಹೆಜ್ಜೆ ಹಿಂದೆ ಸರಿದಳು:
ಯಾರೋ ಮಾಡ್ಸವ್ರೆ ಕಣಕ್ಕ, ಮೂರು ದಾರಿ ಕೂಡೋ ತಾವ ಎಸೆದು ಬಾ.
ಅಲ್ಲ ಕಣೆ, ನಾಟಿ ಮೊಟ್ಟೆ ಹದಿನೈದು ರೂಪಾಯಿ,
ಮಾಟ ಮಾಡೋರಿಗೆ ಕಟ್ಟುಬಡಿ ಆಯ್ತದಾ ಅಂದೆ.
ನಗಲಿಲ್ಲ ಅವಳು.

ಪಶು ಆಸ್ಪತ್ರೆ ಕಾಂಪೌಂಡರ್ ಮಾತ್ರ ಬೈಕ್ ನಿಲ್ಲಿಸದೆ ಹೇಳಿದ:
ಚುಕ್ಕೆ ತೆಗೆದು ತಿನ್ನಿ, ಏನೂ ಆಗಲ್ಲ. ಸುಣ್ಣದಂಶ ಕೊಡಿ.
ಹೊಸ ಮೈ ಅಲ್ವಾ ಅಮ್ಮ, ಇನ್ನೂ ಕಲೀತಾ ಇದೆ.

ಹೊಸ ಮೈ, ಇನ್ನೂ ಕಲೀತಾ ಇದೆ.
ಪಾತ್ರೆ ತಿಕ್ಕುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ.

ಮೊನ್ನೆ ಸಂಜೆ ಕರೆಂಟು ಹೋದಾಗ ಮೊಮ್ಮಗ ನಿಶ್ಚಿತ್
ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ನಿಲ್ಲಿಸಿದ.
ಅಜ್ಜೀ, ಒಡೆಯೋದೇ ಬೇಡ, ಎಲ್ಲಾ ಕಾಣುತ್ತೆ!
ಕೆಂಡದ ಬಣ್ಣದ ಗೂಡು, ಅದರೊಳಗೊಂದು ಮೋಡ,
ತೂಗಾಡುತ್ತಿತ್ತು.

ಆರಿಸು ಅಂದೆ.
ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವನಿಗೇನು ಗೊತ್ತು?
ಹತ್ತೊಂಬತ್ತು ವರ್ಷ ನಾನು ಸ್ಕ್ಯಾನಿಂಗ್ ರೂಮಿನ ಆಯಾ.
ಪರದೆ ಎಳೆಯೋದು, ಹೊಟ್ಟೆ ಮೇಲಿನ ತಣ್ಣನೆ ಜೆಲ್ಲು
ಹತ್ತಿಯಲ್ಲಿ ಒರೆಸೋದು, ಮುಂದಿನವರನ್ನು ಕರೆಯೋದು.
ಹೇಳುವುದು ಅಪರಾಧ ಎಂಬ ಬೋರ್ಡಿನ ಕೆಳಗೇ
ನೂರರ ನೋಟು ಮಡಚಿ ಕೈಗೆ ತುರುಕಿ
ಅಕ್ಕಾ, ನೀವು ನೋಡಿದ್ರಲ್ಲಾ, ಏನಿತ್ತು?
ಕೇಳುತ್ತಿದ್ದದ್ದು ಅತ್ತೆಯರು; ಹೊತ್ತವರು
ಗೋಡೆ ನೋಡುತ್ತಿದ್ದರು.

ಏನೂ ಕಾಣಲಿಲ್ಲ ಅಂತಿದ್ದೆ. ಸುಳ್ಳಲ್ಲ.
ನನ್ನ ಕಣ್ಣಿಗೆ ಕಂಡದ್ದು ಹಳೇ ಟೀವಿಯ ಬೂದು ತುಂತುರು,
ಅದರಲ್ಲಿ ಒಂದು ಕಡೆ ಟಪಟಪ.
ಅರಿಶಿನ ಸೀರೆಯವಳೊಬ್ಬಳು, ಮದ್ದೂರಿನ ಕಡೆಯವಳು,
ಐದನೇ ತಿಂಗಳು ಬಂದಳು. ಏಳಕ್ಕೆ ಬರಬೇಕಿತ್ತು.
ರಿಜಿಸ್ಟರಿನಲ್ಲಿ ಅವಳ ಸಾಲು ಹಾಗೇ ಖಾಲಿ ಉಳಿಯಿತು.
ಒಂಬತ್ತರವರೆಗೂ ಆ ಹಾಳೆ ತಿರುವುತ್ತಿದ್ದೆ.

ಹುಡುಗ ಮುಖ ಸಣ್ಣ ಮಾಡಿ ಟಾರ್ಚು ಆರಿಸಿದ.
ಕ್ಯಾಂಡಲ್ ಹಚ್ಚಿ, ಅವನ ಕೈಗೇ ಮೊಟ್ಟೆ ಕೊಟ್ಟೆ.
ಬಟ್ಟಲಿಗೆ, ಮೆಲ್ಲಗೆ, ಅಂಚಿಗೆ ಕುಟ್ಟು.
ಬಟ್ಟಲಿಗೆ ಬಿದ್ದದ್ದು ಟಣ್ ಅಂತು.
ಮೊಟ್ಟೆಯೊಳಗೆ ಇನ್ನೊಂದು ಮೊಟ್ಟೆ! ಚಿಪ್ಪು ಸಮೇತ,
ಪುಟ್ಟದು, ಲೋಳೆ ಬಳಿದುಕೊಂಡು
ಬಟ್ಟಲ ಸುತ್ತ ಒಂದು ಸುತ್ತು ಹಾಕಿ ನಿಂತಿತು.

ಅದರೊಳಗೆ ಏನಿದೆ ಅಜ್ಜೀ?
ಗೊತ್ತಿಲ್ಲ ಕಣೋ ಮಗನೇ.
ಇಷ್ಟು ಸಲೀಸಾಗಿ ಆ ಮಾತು
ಯಾವತ್ತೂ ಬಾಯಿಂದ ಬಂದಿರಲಿಲ್ಲ.

ಬಾಣಲೆಯಲ್ಲಿ ಈರುಳ್ಳಿ ಸೀಯುತ್ತಿತ್ತು.
ಇಬ್ಬರೂ ಏಳಲಿಲ್ಲ.