ಹನ್ನೆರಡನೆಯ ಟೇಪು

ರಾಸ್ ಅಲ್ ಖೈಮಾದ ಹ್ಯಾಂಗರಿನಲ್ಲಿ ಜುಲೈ ಅಂದರೆ
ಬಾಗಿಲು ಹಾಕಿದರೆ ಬೇಯಬೇಕು, ತೆಗೆದರೆ ಧೂಳು.
ಒಂದು ಕಡೆ ಜಲ್ಲಿ ಒಡೆಯುವ ಬೆಟ್ಟ, ಒಂದು ಕಡೆ ಉಪ್ಪಿನ ಸಮುದ್ರ,
ನಡುವೆ ನಾಲ್ಕು ಸೀಟಿನ ಬಿಳಿ ವಿಮಾನ,
ಅದರ ಹೊಟ್ಟೆಯಡಿ ಅಂಗಾತ ನಾನು.

ರೆಕ್ಕೆಯಂಚಿನ ಸತ್ತ ಹುಳಗಳಿಗೆ ಒದ್ದೆ ಬಟ್ಟೆ ಹೊದಿಸಬೇಕು,
ಕೆರೆಯಬಾರದು. ನೆನೆದು ತಾವೇ ಬಿಡುತ್ತವೆ.
ಮುಂದಿನದು ಗಾಜಲ್ಲ, ಅಕ್ರಿಲಿಕ್ಕು:
ಮೇಲಿಂದ ಕೆಳಕ್ಕೆ ಮಾತ್ರ ಒರೆಸು.
ಸುತ್ತು ತಿರುಗಿಸಿದೆಯೋ, ಬಿಸಿಲು ಎದುರಾದ ದಿನ
ಆ ಸುತ್ತೆಲ್ಲ ಪೈಲಟಿನ ಕಣ್ಣಿಗೆ ಬಲೆ.

ಇದಕ್ಕೆಲ್ಲ ಮೊದಲು ನೀಲಿ ಟೇಪು, ಹನ್ನೆರಡು ತುಂಡು.
ಪಕ್ಕೆಯಲ್ಲಿ ಸಾಸಿವೆಯಷ್ಟು ತೂತು.
ಎಷ್ಟು ಎತ್ತರದಲ್ಲಿದ್ದೇನೆ ಅನ್ನುವುದು
ವಿಮಾನಕ್ಕೆ ತಿಳಿಯುವುದು ಅದರಿಂದ.
ಮುಚ್ಚಿಹೋದರೆ ಮುಳ್ಳು ನಿಂತಲ್ಲೇ ನಿಲ್ಲುತ್ತದೆ,
ವಿಮಾನ ನಿಲ್ಲುವುದಿಲ್ಲ.

ಆಮೇಲೆ ಸೆರಾಮಿಕ್ಕು.
ಹೆಬ್ಬೆರಳುದ್ದದ ಬಾಟಲಿ, ನನ್ನ ಅರ್ಧ ತಿಂಗಳ ಸಂಬಳ.
ಮೊಳದಗಲ ಹಚ್ಚು, ಅಡ್ಡ ಎಳೆ, ಉದ್ದ ಎಳೆ, ಕಾಯಿ.
ಬಿಳಿಯ ಮೇಲೆ ಎಣ್ಣೆಯಂಥ ಕಾಮನಬಿಲ್ಲು ಎದ್ದ ಕೂಡಲೇ ಒರೆಸು.
ತಡವಾದರೆ ಕಲೆ ಕಲ್ಲಾಗುತ್ತದೆ.

ಈ ಕಾಯುವುದು ನನಗೆ ಗೊತ್ತಿತ್ತು.
ಲಕ್ಷ್ಮೇಶ್ವರದ ಸಂತೆ ಮೂಲೆಯಲ್ಲಿ ಅಪ್ಪ ಕಲಾಯಿ ಹಾಕುತ್ತಿದ್ದ.
ತಿದಿ ಒತ್ತುವವನು ನಾನು.
ಕಾದ ಹಂಡೆಗೆ ನವಸಾಗರ ಬಿದ್ದರೆ ಬಿಳಿ ಹೊಗೆ,
ತವರದ ಕಡ್ಡಿ ತಾಗಿಸಿದ್ದೇ ತಡ ಅರಳೆಯಿಂದ ಒಂದೇ ಸುತ್ತು,
ಒಳಗೆ ಬೆಳ್ದಿಂಗಳು.
ಕೊಡುವ ಮೊದಲು ಪಾತ್ರೆಯನ್ನು ಬಿಸಿಲಿಗೆ ಎತ್ತಿ
ಒಂದು ಕಣ್ಣು ಮುಚ್ಚಿ ತಳ ನೋಡುತ್ತಿದ್ದ.
ಎಳ್ಳಷ್ಟು ಜಾಗ ಬಿಟ್ಟರೂ
ಹುಣಸೆ ಹುಳಿ ಅಲ್ಲಿ ಕಿಲುಬು ಎಬ್ಬಿಸುತ್ತದೆ.
‘ಹೊರಗಿಂದು ಮಂದಿ ಕಣ್ಣಿಗೆ ಕಾಣ್ತೈತಿ,
ಒಳಗಿಂದು ಹೊಟ್ಟಿಗಷ್ಟ ಗೊತ್ತಾಕ್ಕೈತಿ’ ಅನ್ನುತ್ತಿದ್ದ.

ಸಂಜೆ ಟೇಪು ಕಿತ್ತು ಕಂಬಕ್ಕೆ ಅಂಟಿಸಿದೆ,
ರೋಡೆಲ್ ದೀಪ ಹಿಡಿದ, ಕಂಡಕಂಡ ಮಸುಕು ತಿದ್ದಿದೆವು.
ವಿಮಾನದ ಯಜಮಾನ ಡಾಕ್ಟರ್ ವಲೀದ್,
ಹಲ್ಲಿನ ಡಾಕ್ಟರು, ಹೊಳಪಿನ ರೇಟು ಬಲ್ಲವರು,
ರೆಕ್ಕೆಯಲ್ಲಿ ತಮ್ಮ ಮುಖ ನೋಡಿಕೊಂಡು ಇಪ್ಪತ್ತು ದಿರಮ್ ಕೊಟ್ಟರು.
ಬೆಳಗ್ಗೆ ಮಗಳೊಂದಿಗೆ ಅಲ್ ಐನ್‌ಗೆ ಹೊರಡುತ್ತಾರಂತೆ.

ರಾತ್ರಿ ಕ್ಯಾಂಪಿನ ಮೇಲಿನ ಮಂಚದಲ್ಲಿ
ಕಣ್ಣು ಮುಚ್ಚಿದರೆ ಕಂಬ.
ಎಣಿಸಿದೆ. ಹನ್ನೊಂದು.
ಕೆಳಗಿನಿಂದ ಎಣಿಸಿದೆ. ಹನ್ನೊಂದು.
ನೆನಪಿನ ಲೆಕ್ಕಕ್ಕೆ ಏನು ನಂಬಿಕೆ ಎಂದು ಮಗ್ಗಲು ಬದಲಿಸಿದೆ.
ಮೂರೂವರೆಗೆ ಅಡುಗೆಯವನ ಸೈಕಲ್ಲು ಹತ್ತಿದ್ದೆ.

ಗೇಟಿನ ಗುರುಂಗ್ ಪಾಸು ಕೇಳಿದ, ಬೈದ, ಬಿಟ್ಟ.
ಕಂಬದಲ್ಲಿ ಇದ್ದದ್ದು ಹನ್ನೊಂದೇ.
ಮೊಬೈಲು ಹಲ್ಲಲ್ಲಿ ಕಚ್ಚಿ ಬಲಪಕ್ಕೆ ನೋಡಿದೆ: ತೂತು ತೆರೆದಿದೆ.
ಎಡಪಕ್ಕೆ: ಹೊಳಪೋ ಹೊಳಪು, ಬೆಳಕು ಜಾರುತ್ತದೆ, ತೂತು ಕಾಣದು.
ಬೆರಳಿಟ್ಟು ತಡಕಿದೆ,
ಕುರುಡ ಕಾಸಿನ ಅಂಚು ಸವರುವ ಹಾಗೆ.

ಸಿಕ್ಕಿತು. ಸಾಸಿವೆಯಷ್ಟೇ. ತೆರೆದಿತ್ತು.

‘ಏನು ಮಾಡುತ್ತಿದ್ದೀ?’
ಹಿಂದೆ ಡಾಕ್ಟರು, ನಿದ್ದೆಗಣ್ಣಿನ ಹುಡುಗಿ, ಅವಳ ಕೈಯಲ್ಲಿ ಬಾಳೆಹಣ್ಣು.
‘ಒಂದು ಬೆರಳಚ್ಚು ಉಳಿದಿತ್ತು ಸಾರ್, ಒರೆಸಲು ಬಂದೆ.’
ಅಂದೆನೇ ಹೊರತು ಆ ಅಚ್ಚು ಮೂಡಿದ್ದು ಆಗಷ್ಟೇ.
ಲೇಪ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ;
ಒರೆಸಿದರೂ ಹೋಗಲಿಲ್ಲ, ನಮ್ಮ ಎರಡು ವರ್ಷದ ಗ್ಯಾರಂಟಿ ಅದಕ್ಕೂ ಸಲ್ಲುತ್ತದೆ.

ಹನ್ನೆರಡನೆಯದು ಸಿಕ್ಕಿದ್ದು ಒಗೆಯುವ ದಿನ,
ನನ್ನದೇ ಅಂಗಿಯ ಮೊಣಕೈಗೆ ಅಂಟಿಕೊಂಡು.
ಆ ಬೆಳಗ್ಗೆ ಅದು ಗೊತ್ತಿರಲಿಲ್ಲ.
ಸೈಕಲ್ಲು ಹಿಡಿದು ಬೇಲಿಯಾಚೆ ನಿಂತಿದ್ದೆ.
ಬಿಳಿ ಹಕ್ಕಿ ಓಡಿತು, ನೆಲ ಬಿಟ್ಟಿತು,
ಬೆಟ್ಟದ ಧೂಳಿಗಿಂತ ಮೇಲೆ ತಿರುಗಿತು.

ಒಂದು ಕಣ್ಣು ಮುಚ್ಚಿ
ಅದರ ತಳ ನೋಡಿದೆ.