ಒಂದು ಟನ್ನೋ, ಒಂದೂವರೆಯೋ

ಬೋಗಾದಿಯ ಮೂರನೇ ಮಹಡಿ,
ಪಶ್ಚಿಮಕ್ಕೆ ಮುಖ ಮಾಡಿದ ಮಲಗುವ ಕೋಣೆ.
ಕೊಳ್ಳುವಾಗ ಬಿಲ್ಡರ್ ಹೇಳಿದ್ದ:
ಸೂರ್ಯಾಸ್ತ ಮೇಡಂ, ದಿನಾ ಬಿಟ್ಟಿ.
ಬಿಟ್ಟಿಯೇ.
ಮಧ್ಯಾಹ್ನ ಗೋಡೆ ಬಿಸಿಲು ತಿನ್ನುತ್ತದೆ,
ರಾತ್ರಿ ಹತ್ತರವರೆಗೂ ಮೆಲುಕು ಹಾಕುತ್ತದೆ.

ನನಗೆ ರಾತ್ರಿ ಪಾಳಿ.
ಊರು ಏಳುವಾಗ ನಾನು ಮಲಗಬೇಕು.
ಕೂದಲಿನಿಂದ ವಾರ್ಡಿನ ವಾಸನೆ ತೊಳೆದು
ಕಿಟಕಿಗೆ ಹಳೇ ಜಮಖಾನ ಕಟ್ಟಿ
ಒದ್ದೆ ಟವೆಲ್ ಮೇಲೆ ಮಗ್ಗುಲು ಬದಲಿಸಿದ ಏಪ್ರಿಲ್.
ಮೂರು ಹಗಲು ನಿದ್ದೆಯಿಲ್ಲ.
ನಾಲ್ಕನೆಯ ರಾತ್ರಿ
ಹನ್ನೊಂದನೇ ಬೆಡ್ಡಿನ ಇಂಜೆಕ್ಷನ್ ಹಿಡಿದು
ಹನ್ನೆರಡರ ಮುಂದೆ ನಿಂತಿದ್ದೆ.
ಸೂಜಿ ಹತ್ತಿರ ಬಂದಾಗ ಅಜ್ಜಿ ಕೇಳಿದಳು:
'ನನ್ನೆಸ್ರು ಸಣ್ಣತಾಯಮ್ಮ ಅಲ್ವಲ್ಲವ್ವಾ?'

ಅವತ್ತೇ ತೀರ್ಮಾನ.

ಅತ್ತೆಗೆ ಒಪ್ಪಿಗೆಯಿಲ್ಲ.
'ಮೈಸೂರಲ್ಲಿ ಫ್ಯಾನು ಹಾಕಿದ್ರೆ ನೆಗಡಿ ಬರ್ತಿತ್ತು ಕಣಮ್ಮ,
ಸಾಯಂಕಾಲ ಆರಕ್ಕೆ ಶಾಲು ಹೊದೀತಿದ್ವಿ.'
ಹೇಳುತ್ತ ಹೇಳುತ್ತ
ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಪಾಂಡವಪುರದಿಂದ ಅಪ್ಪನ ಫೋನು.
ಟನ್ನು ಎಂದರೆ ಅವರಿಗೆ ಕಬ್ಬು,
ಫ್ಯಾಕ್ಟರಿ ಗೇಟು, ತೂಕದ ಕಟ್ಟೆ, ಅಲ್ಲಿನ ಜಗಳ.
'ಒಂದೂವರೆ ಟನ್ನಾ? ಗೋಡೆ ತಡೀತದಾ ಮಗಾ?'
ತೂಕ ಅಲ್ಲ ಅಪ್ಪ, ಒಂದು ದಿನದಲ್ಲಿ ಕರಗೋ
ಐಸಿನ ಲೆಕ್ಕವಂತೆ, ಎಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದರು.
'ಅಷ್ಟು ಐಸು ನಮ್ಮನೇಲಿ ಯಾರು ಕಂಡಿದ್ರು.'

ಪ್ರಭುಸ್ವಾಮಿ ಚೆಸ್ಕಾಂ ಬಿಲ್ಲಿನ ಹಿಂಬದಿಯಲ್ಲಿ
ಮೂರು ನಕ್ಷತ್ರ, ಐದು ನಕ್ಷತ್ರ ಬರೆದು
ಕಳೆಯುತ್ತ ಕೂಡುತ್ತ ಕೂತ.
ಮದುವೆಗೆ ಮೊದಲು ನಮ್ಮಿಬ್ಬರ ನಕ್ಷತ್ರವನ್ನೂ
ಯಾರೂ ಇಷ್ಟು ಕೂಡಿ ಕಳೆದಿರಲಿಲ್ಲ.
ವಿಂಡೋ ಬೇಡ, ಗ್ರಿಲ್ ಕತ್ತರಿಸಬೇಕು.
ಚಕ್ರದ ಮೇಲಿನದು ಬೇಡ, ಅದರ ಸೊಂಡಿಲು ದಾರಿಗಡ್ಡ.
ಸ್ಪ್ಲಿಟ್ ಆಗಬಹುದು, ಆದರೆ ಕಟ್ಟಡದ ಮುಂಭಾಗದಲ್ಲಿ
ಡಬ್ಬ ಕಾಣಕೂಡದು ಎಂದು
ಅಸೋಸಿಯೇಷನ್ನಿನ ಚೆಲುವನಾರಾಯಣ
ಮೂರು ಸಲ ಮೆಸೇಜು ಕಳಿಸಿದರು, ಮೂರನೆಯದು ಕೆಂಪಕ್ಷರದಲ್ಲಿ.

ಮಂಡಿ ಮೊಹಲ್ಲಾದಿಂದ ಇಂತಿಯಾಜ್ ಬಂದ.
ಕೋಣೆ ಅಳೆದು, ಒಂದು ಟನ್ ಸಾಕು ಎಂದವನು
ಪಶ್ಚಿಮದ ಗೋಡೆ ಮುಟ್ಟಿದ,
ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ,
ನಾವು ಹಣೆ ಮುಟ್ಟುವ ಹಾಗೆ.
'ಒಂದೂವರೆ,' ಎಂದ.
ಆಮೇಲೆ ಹೇಳಿದ:
'ತಂಪು ಅಂತ ಪದಾರ್ಥ ಇಲ್ಲ ಮೇಡಂ.
ಒಳಗಿನ ಬಿಸಿ ಎತ್ತಿ ಆಚೆ ಹಾಕೋದು, ಅಷ್ಟೇ ಕೆಲಸ.
ಎಲ್ಲಿ ಹಾಕಲಿ, ಅದು ಹೇಳಿ.'

ನನಗೆ ಗೊತ್ತಿರಬೇಕಿತ್ತು.
ಜ್ವರದ ಮಗುವಿನ ಕಂಕುಳಲ್ಲಿಟ್ಟ ಒದ್ದೆ ಬಟ್ಟೆ
ಬಿಸಿಯಾಗಿಯೇ ಕೈಗೆ ಬರುತ್ತದೆ.
ಬಕೆಟ್ಟಿಗೆ ಹಿಂಡುತ್ತೇನೆ.
ಆ ನೀರು ಎಲ್ಲಿ ಚೆಲ್ಲಿದೆ ಎಂದು
ಹದಿನಾರು ವರ್ಷದಲ್ಲಿ ಯಾರೂ ಕೇಳಿಲ್ಲ.

ಹಿಂದಿನ ಯುಟಿಲಿಟಿಯೊಂದೇ ಉಳಿದ ಜಾಗ.
ಅದರ ಕೆಳಗೆ ಪಂಕಜಾಕ್ಷಮ್ಮನ ಯುಟಿಲಿಟಿ,
ಮೊರ, ಬಟ್ಟೆ, ಸಾಲು ಸಾಲು ಸಂಡಿಗೆ.
ಇಳಿದು ಹೋಗಿ ಕೇಳಿದೆ.
ಬಾಗಿಲಲ್ಲೇ ನಿಲ್ಲಿಸಿಕೊಂಡರು.
'ಬಿಸಿಗಾಳಿ ನನ್ನ ಮೇಲಾ?'
ಹೌದು ಅಂದೆ. ಸುಳ್ಳು ಬಾಯಿಗೆ ಬರಲಿಲ್ಲ.
'ಹಗಲು ಮಲಗ್ತೀಯಾ ನೀನು?'
ಹೌದು.
'ನೀರು ತೊಟ್ಟಿಕ್ಕಬಾರದು,' ಎಂದು ಬಾಗಿಲು ಹಾಕಿಕೊಂಡರು.

ನೀರಿಗೆ ಪೈಪು ಬಂತು, ಪೈಪಿನ ಕೊನೆಗೆ ಬಕೆಟ್ಟು.
ಇಪ್ಪತ್ತಾರಕ್ಕೆ ಇಟ್ಟು ಮಲಗಿದೆ.
ಕನಸು ಬಿತ್ತು, ಬಹಳ ದಿನದ ಮೇಲೆ; ಏನೆಂದು ನೆನಪಿಲ್ಲ.

ವಾರದ ಮೇಲೆ ಕೆಳಗಿನಿಂದ ಸ್ಟೀಲ್ ಡಬ್ಬ ಬಂತು.
'ಎರಡು ದಿನದ ಸಂಡಿಗೆ ಒಂದಕ್ಕೇ ಒಣಗ್ತಿದೆ.
ಸದ್ದು ಮಾತ್ರ ಜಾಸ್ತಿ, ಧಾರಾವಾಹಿ ಕೇಳ್ಸಲ್ಲ.'
ಎರಡೂ ಮಾತು ಒಂದೇ ಉಸಿರಲ್ಲಿ.

ನಿನ್ನೆ ನಾಲ್ಕಕ್ಕೆ ಎಚ್ಚರವಾದರೆ
ಮಂಚದ ಪಕ್ಕ ಚಾಪೆಯ ಮೇಲೆ ಅತ್ತೆ,
ನುಸಿಗುಳಿಗೆ ವಾಸನೆಯ
ಹಳೇ ಶಾಲು ಕಿವಿವರೆಗೂ ಹೊದ್ದು.