ಇಪ್ಪತ್ತೆರಡು ದಿನಕ್ಕೆ

ವೇರಾವಲ್‌ನಿಂದ ಕರೆ ಬಂತು: ಆರು ಸಿಲಿಂಡರಿನ ಬೋಟು
ಕೆಮ್ಮುತ್ತ ಕೂತಿದೆ, ಅಲ್ಲಿಯವರಿಗೆ ಬಗ್ಗುತ್ತಿಲ್ಲ,
ಇಪ್ಪತ್ತೆರಡು ದಿನ, ಊಟ ವಸತಿ ಅವರದೇ.
ಆಗಲಿ ಅಂದೆ. ಫೋನಿಟ್ಟ ಮೇಲೆ
ಕಾಲ ಬುಡದಲ್ಲಿ ಶೆಟ್ಲಿ ಮಗ್ಗುಲು ಬದಲಿಸಿದಳು.

ಬೈತಖೋಲ ಧಕ್ಕೆಯ ಐಸ್ ಪೆಟ್ಟಿಗೆಗಳ ಸಂದಿಯಲ್ಲಿ
ಬಾಲ ಮೂಗಿಗೆ ತಾಗುವಷ್ಟು ಬಾಗಿ
ಬುಟ್ಟಿಯಿಂದ ಜಾರಿಬಿದ್ದ ಶೆಟ್ಲಿಯ ಹಾಗೇ ಸಿಕ್ಕವಳು.
ಹೆಸರಿಡುವ ಕಷ್ಟವೇ ಇರಲಿಲ್ಲ.
ಐದು ವರ್ಷವಾಯಿತು. ಅಂದಿನಿಂದ ಒಂದು ರಾತ್ರಿಯೂ
ಕಾಳಿ ನದಿ ದಾಟಿ ಮಲಗಿದವನಲ್ಲ ನಾನು.

ಕೋಡಿಬಾಗದಲ್ಲಿ ಹೊಸದಾಗಿ ತೆರೆದದ್ದಕ್ಕೆ ಮೊದಲು ಹೋದೆ.
ಗಾಜಿನ ಬಾಗಿಲು, ನೆಲಕ್ಕೆ ನಿಂಬೆಯ ವಾಸನೆ,
ಗೂಡಿಗೊಂದು ಕ್ಯಾಮೆರಾ.
"ಅಲ್ಲಿಂದಲೇ ನೋಡಬಹುದು ಸರ್, ಮೊಬೈಲಿನಲ್ಲಿ."
ದಿನಕ್ಕೆ ಆರುನೂರು. ಬೆರಳಲ್ಲಿ ಗುಣಿಸುವಷ್ಟರಲ್ಲಿ
ಹುಡುಗ ಫಾರ್ಮು ಕೊಟ್ಟ.
ತಳಿ? ಧಕ್ಕೆ ಎಂದು ಬರೆದೆ.
ಹುಟ್ಟಿದ ದಿನ? ಬೋಟು ನೀರಿಗಿಳಿದ ವಾರ.
ಯಾವುದಕ್ಕೆ ಹೆದರುತ್ತದೆ?
ಪೆನ್ನು ನಿಂತಿತು.
ನೌಕಾನೆಲೆಯ ಸೈರನ್ನಿಗಲ್ಲ, ಗುಡುಗಿಗಲ್ಲ,
ನಾನು ಚಪ್ಪಲಿ ಬಿಟ್ಟು ಬೂಟು ಹಾಕಿದರೆ.
ಅಷ್ಟು ಬರೆಯಲು ಆ ಗೆರೆಯಲ್ಲಿ ಜಾಗವಿರಲಿಲ್ಲ.

ಕಲಮು ಒಂಬತ್ತು: ಮಾಲೀಕರು ಬಾರದಿದ್ದಲ್ಲಿ...
ಪೂರ್ತಿ ಓದಲಿಲ್ಲ.

ಓದಿಗಿಂತ ನನಗೆ ಕಿವಿ ಚೆನ್ನಾಗಿದೆ.
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಒತ್ತಿದರೆ
ಯಾವ ಬೇರಿಂಗು ಸವೆದಿದೆ, ಯಾವ ವಾಲ್ವು ಸುಳ್ಳು ಹೇಳುತ್ತಿದೆ
ಗೊತ್ತಾಗಿಬಿಡುತ್ತದೆ.
ಅಲ್ಲಿ ನಿಂತು ಹಾಗೇ ಕಿವಿಗೊಟ್ಟೆ.
ಹನ್ನೊಂದು ನಾಯಿ. ಏ.ಸಿ.ಯ ಗುಂಯ್ ಬಿಟ್ಟರೆ ಸದ್ದಿಲ್ಲ.
ಹೊಸಬ ಒಳಗೆ ಬಂದರೂ
ಬಾಯಿ ತೆರೆಯದ ನಾಯಿಗಳು.
"ನೋಡಿ, ಎಷ್ಟು ಶಾಂತ," ಅಂದ ಹುಡುಗ. ಒಳ್ಳೆಯವನೇ, ಪಾಪ.
ಸೀಜ್ ಆಗಿ ನಿಂತ ಎಂಜಿನ್ನೂ
ಶಾಂತವೇ.

ಖಲಾಸಿ ದುಮಿಂಗ, "ನಾನಿಲ್ವಾ? ಮೀನಿನ ತಲೆ ಎಸೆದ್ರಾಯ್ತು," ಅಂದ.
ಶನಿವಾರದ ರಾತ್ರಿ ತಾನೇ ಎಲ್ಲಿ ಮಲಗಿರುತ್ತೇನೆಂದು
ಗೊತ್ತಿಲ್ಲದವ.

ಕೊನೆಗೆ ಚೆಂಡಿಯಾ. ವನಮಾಲಾ ಗುನಗಾ.
ಗೇಟಿನ ಬದಲು ಹಳೆಯ ಮೀನುಬಲೆ; ಅದರಾಚೆ
ಏಳೆಂಟು ಬಾಯಿ ಒಟ್ಟಿಗೇ.
ಒಂದು ಮೊದಲೇ ಹತ್ತಿಕೊಂಡದ್ದು, ಒಂದು ತಡವಾಗಿ, ಒಂದು
ಇಂಜೆಕ್ಟರಿನಲ್ಲಿ ಕಸ ಸಿಕ್ಕಂತೆ ಬಿಕ್ಕಿ ಬಿಕ್ಕಿ.
ಎಷ್ಟು ಒಳ್ಳೆಯ ಗಲಾಟೆ!
ಶೆಟ್ಲಿ ನನ್ನ ಕಾಲ ಸಂದಿನಿಂದಲೇ
ಎಲ್ಲರಿಗೂ ಸೇರಿಸಿ ಉತ್ತರ ಕೊಟ್ಟಳು.

ಆಕೆ ಮೊದಲು ದರ ಹೇಳಲಿಲ್ಲ. ಕೇಳಿದ್ದು:
"ರಾತ್ರಿ ಎಷ್ಟೊತ್ತಿಗೆ ಏಳ್ತದೆ?"
ಮೂರೂವರೆಗೆ, ಬೋಟು ಹೊರಡುವ ಹೊತ್ತಿಗೆ ಅಂದೆ.
"ಹಂಗಾರೆ ನಾನೂ ಏಳ್ತೆ. ನಂಗೂ ನಿದ್ರೆ ಇಲ್ಲ."
ತಗ್ಗು ಬಿದ್ದ ಅನ್ನದ ತಪ್ಪಲೆ, ಲಸಿಕೆಯ ಚೀಟಿಗಳು
ಕ್ಯಾಲೆಂಡರಿನ ಮೊಳೆಗೆ; ಒಂದು ಗೋಡೆಗೆ ಸುಣ್ಣ ಬೇಕಿತ್ತು.
ದಿನಕ್ಕೆ ಇನ್ನೂರು, ಮೀನಿನ ದಿನ ಇಪ್ಪತ್ತು ಹೆಚ್ಚು.
"ಹೋಗುವಾಗ ಒಂದು ಅಂಗಿ ಬಿಟ್ಟೋಗಿ. ತೊಳೆದದ್ದು ಬೇಡ."

ತೊಳೆದರೂ ತೊಳೆದಂತಲ್ಲ ನನ್ನದು,
ಡೀಸೆಲ್ಲು ಚರ್ಮಕ್ಕೇ ಇಳಿದಿದೆ.
ಹೊರಡುವ ದಿನ ಮೈಮೇಲಿನ ನೀಲಿ ಅಂಗಿ ಬಿಚ್ಚಿ ಕೊಟ್ಟು
ಬನಿಯನ್ನಿನಲ್ಲೇ ನಿಂತೆ.
"ಬರ್ತೆ ಅಂತ ಹೇಳ್ಬೇಡಿ ಅದ್ಕೆ. ಸುಮ್ನೆ ಹೋಗಿ."

ಸುಮ್ಮನೆ ಹೋಗುವುದೆಂದರೆ
ಚೀಲದ ಪಾನಾಗಳು ಕಟಕಟ ಎನ್ನದಂತೆ ಅವುಚಿ,
ಬೂಟನ್ನೂ ಅದರಲ್ಲೇ ಅಡಗಿಸಿ,
ಹವಾಯಿ ಚಪ್ಪಲಿಯಲ್ಲಿ ಮರಳಿನ ದಾರಿ ತುಳಿಯುವುದು.
ಬಲೆಯಾಚೆಯಿಂದ ಅವಳ ದನಿ. ಅದನ್ನು
ಸಾವಿರ ನಾಯಿಗಳಲ್ಲೂ ಹೆಕ್ಕಬಲ್ಲೆ.
ಒಂದು.
ಎರಡು.
ಮೂರನೆಯದು ಸ್ವಲ್ಪ ಕೆಳಗೆ, ಪ್ರಶ್ನೆಯ ಹಾಗೆ.
ನಾಲ್ಕನೆಯದಕ್ಕೆ ನಿಂತೆ. ಹೆದ್ದಾರಿಯಲ್ಲಿ ಲಾರಿ ಹೋಯಿತು.
ನಾಲ್ಕನೆಯದು ಬರಲಿಲ್ಲ.

ಒಳ್ಳೆಯದೇ ಆಯಿತು. ಒಳ್ಳೆಯದೇ ಎಂದು
ಶಿರವಾಡದ ಸ್ಟೇಷನ್ನಿನ ತನಕ ಹೇಳಿಕೊಂಡೆ.
ಟೆಂಪೋದವ ತಿರುಗಿ, "ಎಂತ ಹೇಳಿದ್ರಿ?" ಅಂದ.
ಬೂಟಿನ ಲೇಸು ಬಿಗಿಯಾಯಿತು ಅಂದೆ.